ಗಿಳಿಹಸಿರು ಪಟ್ಟಿಯ ನಲವತ್ತೊಂದು ಜನ

ದಾವಣಗೆರೆಯಲ್ಲಿ ನನ್ನದೊಂದು ಪುಟ್ಟ ಹೊಲಿಗೆ ಅಂಗಡಿ. ಲೈನಿಂಗ್ ಬಟ್ಟೆಯ ತುಂಡುಗಳು ಮೂಟೆಗಟ್ಟಲೆ ಉಳಿಯುತ್ತವೆ. ನಮ್ಮ ಧರ್ಮಕೇಂದ್ರದಿಂದ, ಅಂದರೆ ನಮ್ಮ ಚರ್ಚಿನಿಂದ, ಮೊದಲ ಸಲ ತಮಿಳುನಾಡಿನ ವೇಳಾಂಗಣಿ ಮಾತೆಯ ಯಾತ್ರೆಗೆ ಬಸ್ಸು ಮಾಡಿದಾಗ, ಜನ ತಪ್ಪಿಸಿಕೊಳ್ಳಬಾರದು ಅಂತ ಆ ತುಂಡುಗಳಲ್ಲೇ ಎಲ್ಲರಿಗೂ ಒಂದೊಂದು ಕುತ್ತಿಗೆ ಪಟ್ಟಿ ಹೊಲಿದೆ. ಆರಿಸಿದ ಬಣ್ಣ ಕಾವಿ. ಅಲ್ಲಿಯ ಹಬ್ಬ ಶುರುವಾಗುವ ಆಗಸ್ಟ್ 29ರ ಧ್ವಜಾರೋಹಣಕ್ಕೆ ಹೋಗಿ ಇಳಿದು ನೋಡಿದರೆ ಇಡೀ ವೇಳಾಂಗಣಿಯೇ ಕಾವಿ! ಹರಕೆ ಹೊತ್ತು ನಡೆದು ಬರುವವರು ತೊಡುವ ಬಣ್ಣವೇ ಅದು. ಆ ಸಮುದ್ರದಲ್ಲಿ ನಮ್ಮ ನಲವತ್ತಾರು ಜನರನ್ನು ಹುಡುಕುವುದರಲ್ಲೇ ನನ್ನ ಮೊದಲ ಯಾತ್ರೆ ಮುಗಿಯಿತು. ಧ್ವಜ ಏರಿದ್ದನ್ನು ನಾನು ನೋಡಲೇ ಇಲ್ಲ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಮಾಡಿದ್ದೆ. ಕೊಟ್ಟ ದುಡ್ಡಿಗೆ ಜನಕ್ಕೆ ಹೆಚ್ಚು ತೋರಿಸಬೇಕು ಅನ್ನೋ ಆಸೆ. ನಾಲ್ಕು ದಿನದಲ್ಲಿ ಆರು ಜಾಗ: ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕ (ಪೋಪರಿಂದ ವಿಶೇಷ ಗೌರವ ಪಡೆದ ದೇವಾಲಯ), ತಿರುಚ್ಚಿ, ಪೂಂಡಿ, ವೇಳಾಂಗಣಿ, ಯಾರೋ ಕೇಳಿದರೆಂದು ಪಕ್ಕದ ನಾಗೂರು ದರ್ಗಾ, ಬರುವಾಗ ಮೈಸೂರಿನ ಸಂತ ಫಿಲೋಮಿನಾ. ಹೋಗುವುದೇ ಆರುನೂರು ಕಿಲೋಮೀಟರಿಗೂ ಮೇಲೆ. ಪೂಂಡಿಯಲ್ಲಿ ಪೂಜೆಯ ಹೊತ್ತಿಗೆ ಅರ್ಧ ಜನ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಮೈಸೂರು ತಲುಪಿದಾಗ ಬಾಗಿಲು ಹಾಕುವ ಹೊತ್ತು. ವಾಪಸ್ ಬಂದ ಮೇಲೆ ನಮ್ಮ ಬೀದಿಯ ಅಜ್ಜಿಯೊಬ್ಬರು ಅಂಗಡಿಗೆ ಬಂದು ಕೇಳಿದರು: “ಏನವ್ವಾ, ನಾವು ಏನೇನ್ ನೋಡಿದ್ವಿ ಒಂದೀಟು ಬರ್ಕೊಡು. ಮೊಮ್ಮಕ್ಳು ಕೇಳ್ತಾವೆ. ನಂಗೆ ಬಸ್ಸಿನ ಮೆಟ್ಲು ಬಿಟ್ರೆ ಬ್ಯಾರೆ ಏನೂ ನೆಪ್ಪಿಲ್ಲ.”

ನಾನು ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಆಮೇಲಿನ ಯಾವ ಯಾತ್ರೆಯಲ್ಲೂ ಎರಡಕ್ಕಿಂತ ಹೆಚ್ಚು ಜಾಗ ಇಟ್ಟಿಲ್ಲ. ಇದಕ್ಕೆ ಬೈಸಿಕೊಂಡಿದ್ದೇನೆ. “ಅಷ್ಟು ದೂರ ಹೋಗಿ ಇಷ್ಟೇನಾ?” ಅನ್ನುವವರು ಪ್ರತಿ ಸಲವೂ ಇರುತ್ತಾರೆ.

ಜನರನ್ನು ಕರೆದುಕೊಂಡು ಹೋಗುವುದನ್ನು ನಾನು ನಿಜವಾಗಿ ಕಲಿತದ್ದು ಹರಿಹರದ ನಡಿಗೆಯಲ್ಲಿ. ನಮಗೆ ಹರಿಹರದ ಆರೋಗ್ಯ ಮಾತೆ ತವರಿದ್ದ ಹಾಗೆ. ಈಗ ಅದು ಬಸಿಲಿಕ. ಹಬ್ಬ ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಹಿಡಿದರೆ ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಮಣಿ ಎಣಿಸುತ್ತಾ ಒಬ್ಬರು ಹೇಳಿ ಉಳಿದವರು ಉತ್ತರಿಸುವ ಜಪಸರದ ಪ್ರಾರ್ಥನೆ ಹೇಳುತ್ತಾ, ಬಿಸಿಲೇರುವ ಮೊದಲು ಸೇರುತ್ತೇವೆ. ಗುಂಪಿನ ವೇಗ ಮುಂದಿರುವ ಹುಡುಗರದ್ದಲ್ಲ, ಕೊನೆಯಲ್ಲಿರುವ ಮಂಡಿನೋವಿನವರದ್ದು ಅಂತ ಗೊತ್ತಾದದ್ದು ಅಲ್ಲೇ. ಹಾಗಾಗಿ ಜಪಸರ ಹೇಳಿಕೊಡುವವರನ್ನು ನಾನು ಮುಂದೆ ಬಿಡುವುದಿಲ್ಲ, ಹಿಂದೆ ನಿಲ್ಲಿಸುತ್ತೇನೆ. ಉತ್ತರ ಹೇಳಬೇಕಾದ ಹುಡುಗರು ತಾವಾಗಿ ಕಾಲು ನಿಧಾನ ಮಾಡುತ್ತಾರೆ. ಹೊಸ ಚಪ್ಪಲಿ ಹಾಕಿ ಬಂದವರನ್ನು ಮನೆಗೆ ವಾಪಸ್ ಕಳಿಸಿ ಹಳೇದು ಹಾಕಿಸುತ್ತೇನೆ. ನಮ್ಮ ಜೊತೆ ಪ್ರತಿ ವರ್ಷ ಬರುವ ಲಿಂಗಾಯತರ ಮನೆಯ ಒಬ್ಬರಿದ್ದಾರೆ. ಮಾತೆಗೆ ಮೇಣದಬತ್ತಿ ಹಚ್ಚಿ, ಹರಿಹರೇಶ್ವರನಿಗೂ ಕೈಮುಗಿದು, ಬಸ್ಸಲ್ಲಿ ವಾಪಸ್ ಬರುತ್ತಾರೆ. ಹರಿ ಹರ ಇಬ್ಬರೂ ಒಂದೇ ಮೂರ್ತಿಯಲ್ಲಿರುವ ಊರು; ಅಲ್ಲಿ ಅವರನ್ನು ಯಾರೂ ಏನೂ ಕೇಳುವುದಿಲ್ಲ.

ಇನ್ನು ಹಳೇ ಗೋವಾ. ನಾನು ಮಾಡಿದ ಯಾತ್ರೆಗಳಲ್ಲಿ ಮನಸ್ಸಿಗೆ ಸಮಾಧಾನವಾದದ್ದು ಅದೊಂದೇ. ಹದಿನಾರನೇ ಶತಮಾನದ ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರವನ್ನು ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ಜನರ ದರ್ಶನಕ್ಕೆ ಇಡುತ್ತಾರೆ. ಕಳೆದ ಸಲ ಅದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಡಿಸೆಂಬರ್ 3 ಅವರ ಹಬ್ಬ. 1552ರಲ್ಲಿ ಚೀನಾದ ಕರಾವಳಿಯ ಒಂದು ದ್ವೀಪದಲ್ಲಿ ಅವರು ತೀರಿಕೊಂಡ ದಿನ. ಆ ದಿನದ ಜನಜಂಗುಳಿ ಬೇಡವೆಂದು ನಾನು ಮುಂದಿನ ವಾರದ ನಡುವಿನ ದಿನ ಹಿಡಿದೆ. ರಜೆ ಸಿಗಲ್ಲ ಅಂತ ಏಳು ಜನ ಹೆಸರು ತೆಗೆಸಿದರು. ಉಳಿದವರು ನಲವತ್ತೊಂದು. ಅವರಿಗೆ ಗಿಳಿಹಸಿರು ಪಟ್ಟಿ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತಲೆಗೆ 2,600 ರೂಪಾಯಿ, ಅರ್ಧ ಮುಂಗಡ, ಹೊರಡುವ ಮುಂಚಿನ ವಾರದೊಳಗೆ ಹೆಸರು ತೆಗೆದರೆ ಮುಂಗಡ ವಾಪಸ್ ಇಲ್ಲ. ಇದನ್ನು ಪೂಜೆಯ ಕೊನೆಗೆ ಫಾದರ್ ಬಾಯಿಂದಲೇ ಹೇಳಿಸಬೇಕು. ನಾನು ಹೇಳಿದರೆ ಜಗಳ, ಅವರು ಹೇಳಿದರೆ ಪ್ರಕಟಣೆ. ಬಸ್ಸಿನವರ ಜೊತೆ ಹೊರರಾಜ್ಯದ ಪರ್ಮಿಟ್ಟು, ತೆರಿಗೆ ಯಾರ ಲೆಕ್ಕ ಅನ್ನೋದನ್ನು ಮೊದಲೇ ಬರೆಸಿಕೊಳ್ಳಿ. ಹಿಂದೊಮ್ಮೆ ಬರೆಸಿಕೊಳ್ಳದೆ ಗಡಿಯಲ್ಲಿ ಎರಡು ತಾಸು ನಿಂತು, ಕಡೆಗೆ ನನ್ನ ಕೈಯಿಂದಲೇ ಕಟ್ಟಿದ್ದೇನೆ. ಚಾಲಕರು ಇಬ್ಬರಿರಲೇಬೇಕು. ಈ ವಿಷಯದಲ್ಲಿ ಚೌಕಾಸಿ ಮಾಡುವ ಧರ್ಮಕೇಂದ್ರದ ಹಿರಿಯರ ಜೊತೆ ನಾನು ಮಾತೇ ಬಿಡುತ್ತೇನೆ.

ರಾತ್ರಿ ಒಂಬತ್ತಕ್ಕೆ ಹೊರಟು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಅಂಕೋಲಾ ಮೇಲೆ ಹೋದೆವು. ಘಾಟಿಗೆ ಮೊದಲು ಯಾರಿಗೂ ಊಟ ಕೊಡಬಾರದು, ಮಂಡಕ್ಕಿ ಮಾತ್ರ. ನಮ್ಮೂರ ಮಂಡಕ್ಕಿ, ಖಾರ ಕಡಿಮೆ. ಇದು ನನ್ನ ನಿಯಮ. ಇದನ್ನು ಮುರಿದು ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದಿದ್ದ ಹುಡುಗನ ಪಕ್ಕ ಕೂತವರು ಅದರ ಫಲ ಉಂಡರು. ಹೆಂಗಸರಿಗೆ ಶೌಚಾಲಯ ಇರುವ ಪೆಟ್ರೋಲ್ ಬಂಕು ಎಲ್ಲೆಲ್ಲಿ ಅಂತ ತಿಂಗಳ ಮೊದಲೇ ಆ ದಾರಿಯಲ್ಲಿ ಓಡಾಡುವ ಲಾರಿ ಚಾಲಕರೊಬ್ಬರನ್ನು ಕೇಳಿ ಬರೆದುಕೊಂಡಿದ್ದೆ. ಗಂಡಸರು ಯಾತ್ರೆ ಏರ್ಪಡಿಸಿದರೆ ಈ ಪಟ್ಟಿ ಇರುವುದೇ ಇಲ್ಲ. ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಆ ಆಗಸ್ಟಿನಲ್ಲಷ್ಟೇ ಕುಸಿದಿತ್ತು. ಹೊಸ ಸೇತುವೆಯ ಮೇಲೆ ಎರಡೂ ಕಡೆಯ ಗಾಡಿಗಳು. ಬೆಳಗಿನ ಮಬ್ಬಿನಲ್ಲಿ ಮುರಿದು ಬಿದ್ದದ್ದನ್ನು ಕಿಟಕಿಯಿಂದ ನೋಡಿ ಬಸ್ಸಲ್ಲಿ ಯಾರೋ ಜಪಸರ ಶುರು ಮಾಡಿದರು. ನಾನು ಹೇಳಿರಲಿಲ್ಲ.

ದರ್ಶನಕ್ಕೆ ಶರೀರವನ್ನು ಬೊಂ ಜೀಸಸ್ ಬಸಿಲಿಕದಿಂದ ಎದುರಿನ ಸೇ ಕ್ಯಾಥೆಡ್ರಲ್‌ಗೆ ತಂದಿರುತ್ತಾರೆ. ನಡುವೆ ಒಂದು ರಸ್ತೆಯಷ್ಟೇ. ಸಾಲಿನಲ್ಲಿ ಮೂರು ತಾಸು ನಿಂತೆವು. ಆ ಮೂರು ತಾಸನ್ನು ಏನು ಮಾಡಬೇಕು ಅಂತ ನಾನು ಮೊದಲೇ ಯೋಚಿಸಿದ್ದೆ. ಹತ್ತು ಹತ್ತು ಜನಕ್ಕೆ ಒಬ್ಬ ಹುಡುಗನೋ ಹುಡುಗಿಯೋ. ಸಂತರ ಬದುಕಿನ ಒಂದೊಂದು ತುಂಡು ಅವರಿಗೆ ಬಾಯಿಪಾಠ. 1506ರಲ್ಲಿ ಈಗಿನ ಸ್ಪೇನಿನ ನವಾರದಲ್ಲಿ ಹುಟ್ಟಿದ್ದು ಒಬ್ಬಳಿಗೆ, 1542ರಲ್ಲಿ ಗೋವಾಕ್ಕೆ ಬಂದಿಳಿದದ್ದು ಇನ್ನೊಬ್ಬನಿಗೆ, ತೀರಿಕೊಂಡ ಮೇಲೆ ಶರೀರ ಈಗಿನ ಮಲೇಷ್ಯಾದ ಮಲಕ್ಕಾಕ್ಕೂ ಅಲ್ಲಿಂದ 1554ರಲ್ಲಿ ಗೋವಾಕ್ಕೂ ಬಂದದ್ದು ಮತ್ತೊಬ್ಬಳಿಗೆ. ಸಾಲು ಮುಂದೆ ಸರಿದಂತೆ ಕಥೆಯೂ ಸರಿಯುತ್ತಿತ್ತು. ಹಿಂದೆ ನಿಂತಿದ್ದ ಬೆಳಗಾವಿ ಕಡೆಯವರೂ ಕಿವಿಗೊಟ್ಟರು.

ಗಾಜಿನ ಪೆಟ್ಟಿಗೆಯ ಮುಂದೆ ಸಿಗುವುದು ಕೆಲವೇ ಕ್ಷಣ. ಹೊರಗೆ ಬಂದ ಮೇಲೆ ಅದೇ ಅಜ್ಜಿ (ಹೌದು, ಬಸ್ಸಿನ ಮೆಟ್ಟಿಲಿನ ಅಜ್ಜಿಯೇ) ನನ್ನ ಸೆರಗು ಹಿಡಿದು ಪಿಸುಗುಟ್ಟಿದರು: “ಬಲಗೈ ಎಲ್ಲೈತವ್ವಾ?” ನಲವತ್ತೊಂದು ಜನರಲ್ಲಿ ಅಷ್ಟು ಸೂಕ್ಷ್ಮವಾಗಿ ಗಮನಿಸಿದ್ದು ಅವರೊಬ್ಬರೇ. ಸಂತರ ಬಲಗೈಯನ್ನು 1614ರಲ್ಲಿ ತೆಗೆದು ರೋಮಿಗೆ ಕಳಿಸಿದರು. ಅದು ಅಲ್ಲಿಯ ಜೆಸು ದೇವಾಲಯದಲ್ಲಿದೆ ಅಂದೆ. ಅಷ್ಟು ಜನಕ್ಕೆ ನೀರೆರೆದು ದೀಕ್ಷಾಸ್ನಾನ ಕೊಟ್ಟು ಕ್ರೈಸ್ತರನ್ನಾಗಿಸಿದ ಕೈ ಅದು ಅಂತಲೂ ಸೇರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ದುಡಿದ ಕೈನೇ ಕರೆಸ್ಕಂಡ್ರು ನೋಡು” ಅಂದರು. ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು ಅವರು.

ಮಧ್ಯಾಹ್ನದ ಊಟಕ್ಕೆ ಕಟ್ಟಿ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಆಮೇಲೆ ಬೀಚಿಗೆ ಹೋಗೋಣ ಅಂತ ಹುಡುಗರ ಗಲಾಟೆ. ನಾನು ಬಿಡಲಿಲ್ಲ. ಈಗ ಯೋಚಿಸಿದರೆ ಒಂದು ತಾಸು ಬಿಡಬಹುದಿತ್ತು ಅನ್ನಿಸುತ್ತದೆ, ಕಥೆ ಹೇಳಿ ಹೇಳಿ ಅವರ ಗಂಟಲು ಒಣಗಿತ್ತು. ರಾತ್ರಿ ಒಂದು ದೇವಾಲಯದ ಸಭಾಂಗಣದಲ್ಲಿ ಮಲಗಿ, ಬೆಳಿಗ್ಗೆ ಏಳಕ್ಕೆಲ್ಲ ಬೊಂ ಜೀಸಸ್‌ನಲ್ಲಿದ್ದೆವು. ಹೊರಗೋಡೆಗೆ ಗಾರೆಯಿಲ್ಲದೆ ಜಂಬಿಟ್ಟಿಗೆಯ ಕೆಂಪು ಹಾಗೇ ಕಾಣುತ್ತದೆ. 1605ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಸಂತರು ಎದುರಿಗೆ ಹೋಗಿದ್ದರಿಂದ ಒಳಗೆ ಜನವೇ ಇಲ್ಲ. ಅವರ ಸಮಾಧಿಪೀಠದ ಅಮೃತಶಿಲೆಯ ಕೆತ್ತನೆಯನ್ನು ನಮ್ಮವರು ಸುತ್ತಿ ಸುತ್ತಿ ನೋಡಿದರು. ಇಟಲಿಯ ಒಬ್ಬ ಅರಸ, ಟಸ್ಕನಿಯ ಮೂರನೇ ಕೋಸಿಮೊ, ಸಂತರ ತಲೆಯಡಿ ಇದ್ದ ದಿಂಬನ್ನು ಪಡೆದುಕೊಂಡ ಋಣಕ್ಕೆ ಇದನ್ನು ಮಾಡಿಸಿ ಕಳಿಸಿದ. 1698ರಲ್ಲಿ ಇಲ್ಲಿ ನಿಲ್ಲಿಸಿದರು. ಒಂದು ದಿಂಬಿಗೆ ಇಷ್ಟಾ ಅಂತ ನನ್ನೊಳಗಿನ ಹೊಲಿಗೆಯವಳು ಲೆಕ್ಕ ಹಾಕಿದಳು. ನಮ್ಮ ಫಾದರ್ ಹೊರಗೆ ಮರದಡಿ ಕನ್ನಡದಲ್ಲಿ ಪ್ರಾರ್ಥನೆ ಹೇಳಿದರು. ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ತಪ್ಪು ಹೇಳಿಕೊಳ್ಳುವುದಕ್ಕೆ, ಹದಿನಾಲ್ಕು ಜನ ನಿಂತರು. ಕೆಲವರು ಎಷ್ಟೋ ವರ್ಷದ ಮೇಲೆ ನಿಂತವರು ಅಂತ ಅವರವರ ಮನೆಯವರು ಆಮೇಲೆ ಹೇಳಿದರು. ಆ ಬೆಳಿಗ್ಗೆ ಮೂರನೇ ಊರಿಗೆ ಓಡುವ ಆತುರವಿದ್ದಿದ್ದರೆ ಅವರು ನಿಲ್ಲುತ್ತಿದ್ದರೋ ಇಲ್ಲವೋ.

ಕಾರ್ಕಳದ ಅತ್ತೂರಿಗೂ ಒಂದು ಸಲ ಹೋಗಿದ್ದೇವೆ, ಜನವರಿಯ ಸಂತ ಲಾರೆನ್ಸರ ಹಬ್ಬಕ್ಕೆ. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ಬಿಡುವುದಿಲ್ಲ, ಎರಡು ಟಿ.ಟಿ. (ಟೆಂಪೊ ಟ್ರಾವೆಲರ್) ಮಾಡಿಕೊಳ್ಳಬೇಕು, ಖರ್ಚು ಹೆಚ್ಚು. ಅಷ್ಟು ತಿಳಿದರೆ ಸಾಕು.

ಈ ಸಲದ ಜಗಳ ಶೆಟ್ಟಿಹಳ್ಳಿಯದ್ದು. ಹಾಸನದ ಹತ್ತಿರ, 1860ರ ದಶಕದಲ್ಲಿ ಫ್ರೆಂಚ್ ಫಾದರುಗಳು ಕಟ್ಟಿಸಿದ ದೇವಾಲಯ. ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಊರು ಖಾಲಿಯಾಯಿತು, ಗೋಡೆಗಳು ಉಳಿದವು. ಮಳೆಗಾಲದಲ್ಲಿ ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ನಡೆದು ಹೋಗಬಹುದು. ಬಲಿಪೀಠವೂ ಇಲ್ಲ, ಪೂಜೆಯೂ ಇಲ್ಲ. ಅದು ಫೋಟೊ ತೆಗೆಸಿಕೊಳ್ಳುವ ಜಾಗ, ಯಾತ್ರೆ ಹೇಗಾಗುತ್ತದೆ ಅಂತ ಹಿರಿಯರು ಕೇಳುತ್ತಾರೆ. ಪ್ರಾರ್ಥಿಸುತ್ತಿದ್ದ ಊರೇ ಎದ್ದು ಹೋದ ಜಾಗದಲ್ಲಿ ಒಂದು ಜಪಸರ ಹೇಳಿ ಬರೋಣ ಅನ್ನುವುದು ನನ್ನ ವಾದ. ಏಪ್ರಿಲ್ ಕೊನೆಗೆ ಅಂತ ಇಟ್ಟುಕೊಂಡಿದ್ದೇನೆ, ಇಪ್ಪತ್ತೆರಡು ಹೆಸರು ಬಂದಿವೆ. ಪಟ್ಟಿಗೆ ನೀಲಿ ಬೇಡ, ನೀರಿನ ಹತ್ತಿರ ಕಾಣುವುದಿಲ್ಲ. ಮೂಟೆಯಲ್ಲಿ ಅರಿಶಿನ ಬಣ್ಣದ ತುಂಡು ಎಷ್ಟಿದೆ ಅಂತ ನೋಡಬೇಕು.