ಅಂಬಾಸಿಡರಿನ ಆಯಿಲ್ ಸೋರಿಕೆ ನಿಂತದ್ದು ಹೀಗೆ

ಬದಿಯಡ್ಕದ ನಮ್ಮ ಅಂಗಳದಲ್ಲಿರುವ, ತಂದೆಯವರ ಕಾಲದ ಅಂಬಾಸಿಡರ್ ಮಾರ್ಕ್ 3 ಕಾರಿನದ್ದು 1489 ಸಿಸಿಯ ಹಳೆಯ ಪೆಟ್ರೋಲ್ ಇಂಜಿನ್. ನಾನೇ ಆಯಿಲ್ ಬದಲಾಯಿಸಿದ ಮರುದಿನ ನೆಲದಲ್ಲಿ ಅಂಗೈಯಗಲದ ಕಪ್ಪು ಕಲೆ ಕಂಡಿತು. ಇಂಜಿನಿನ ತಳವನ್ನು ಸೀಮೆಎಣ್ಣೆಯಲ್ಲಿ ಒರಸಿ, ಕೆಳಗೆ ಒಣಗಿದ ಅಡಿಕೆ ಹಾಳೆಗಳನ್ನು ಹಾಸಿ ಹತ್ತು ನಿಮಿಷ ಓಡಿಸಿದಾಗ, ಹಳೆಯ ಆಯಿಲ್ ಹೊರಬಿಡುವ ತಳದ ಬಿರಡೆಯಾದ ಡ್ರೈನ್ ಪ್ಲಗ್ಗಿನ ನೇರಕ್ಕೊಂದು, ಫಿಲ್ಟರಿನ ನೇರಕ್ಕೊಂದು ಹನಿ ಬಿದ್ದಿತ್ತು.

ಪ್ಲಗ್ಗಿನದ್ದು ಸುಲಭ. ತಾಮ್ರದ ವಾಷರ್ ಒಮ್ಮೆ ಅದುಮಿಸಿಕೊಂಡರೆ ಗಡುಸಾಗುವುದರಿಂದ, ಅದನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಹಾಕಿ, ಮೆತ್ತಗಾದ ಮೇಲೆ ಕರಿ ಉಜ್ಜಿ ಮತ್ತೆ ಹಾಕಿದೆನು. ಹೊಸದೇ ಸಿಕ್ಕಿದರೆ ಇಷ್ಟೆಲ್ಲ ಬೇಡ.

ನನ್ನ ನಿಜವಾದ ತಪ್ಪು ಇದ್ದದ್ದು ಫಿಲ್ಟರಿನಲ್ಲಿ. ಇದು ಲೋಹದ ಬಟ್ಟಲಿನೊಳಗೆ ಆಯಿಲ್ ಸೋಸುವ ಎಲಿಮೆಂಟ್ ಇಟ್ಟು, ನಡುವಿನ ಉದ್ದ ಬೋಲ್ಟಿನಿಂದ ಬಿಗಿಯುವ ಹಳೆಯ ಬಗೆಯದು. ಬಟ್ಟಲಿನ ಬಾಯಿ ಕೂರುವ ಕಿರಿದಾದ ತೋಡಿನಲ್ಲಿ ಹಳೆಯ ರಬ್ಬರ್ ರಿಂಗು ಗಟ್ಟಿಯಾಗಿ ಅಂಟಿ, ಲೋಹವೇ ಎಂಬಂತೆ ಕಾಣುತ್ತಿದ್ದುದರಿಂದ ಅದರ ಮೇಲೆಯೇ ಹೊಸದನ್ನು ಕೂರಿಸಿಬಿಟ್ಟಿದ್ದೆ. ಟಾರ್ಚ್ ಹಿಡಿದು ಗೋಣಿ ಹೊಲಿಯುವ ದಬ್ಬಣದ ಮೊನೆಯಿಂದ ಮೀಟಿದಾಗ ಆ ಹಳೆಯ ರಿಂಗು ನಾಲ್ಕು ತುಂಡಾಗಿ ಹೊರಬಂತು. ತೋಡನ್ನು ಒರಸಿ, ಹೊಸ ರಿಂಗಿಗೆ ಆಯಿಲ್ ಸವರಿ, ಬಟ್ಟಲನ್ನು ತುಸು ತಿರುಗಿಸುತ್ತ ಸರಿಯಾಗಿ ಕೂತಿದೆಯೆಂದು ನೋಡಿಕೊಂಡು ಬಿಗಿದೆನು.

ಈ ಇಂಜಿನಿನ ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ, ಹಿಂಭಾಗಕ್ಕೆ ರಬ್ಬರ್ ಸೀಲ್ ಇಲ್ಲದೆ, ಆಯಿಲನ್ನು ಒಳಕ್ಕೆ ತಳ್ಳುವ ಸುರುಳಿ ಗೀರು ಮಾತ್ರ ಇರುವುದರಿಂದ, ಆಯಿಲ್ ಹೆಚ್ಚಾದರೆ ಅಲ್ಲಿಂದಲೂ ಸೋರೀತೆಂದು, ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟದಂತೆ ತುಂಬಿದೆನು. ಮರುದಿನ ಹಾಳೆಯ ಮೇಲೆ ಧೂಳಲ್ಲದೆ ಬೇರೇನೂ ಇರಲಿಲ್ಲ.