ಧಾರಾವಾಹಿಯಿಂದ ಒಂದು ಪಾತ್ರವನ್ನು ಕಳಿಸಿಕೊಡುವುದು ಹೇಗೆ

ಡೈಲಿ ಸೀರಿಯಲ್ ಬರೆಯುವವರಿಗೆ, ಮೊಬೈಲ್ ಆ್ಯಪ್‌ಗಳಲ್ಲಿ ನೂರಾರು ಅಧ್ಯಾಯದ ಕಥೆ ಹಾಕುವವರಿಗೆ ಈ ತಲೆನೋವು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಟನಿಗೆ ಸಿನಿಮಾ ಸಿಕ್ಕಿತು, ಕಾಲ್‌ಶೀಟ್ ಹೊಂದುತ್ತಿಲ್ಲ, ಇಲ್ಲವೇ ಪಾತ್ರಕ್ಕೆ ಮಾಡಲು ಕೆಲಸವೇ ಉಳಿದಿಲ್ಲ. ಆಗ ಸುಲಭದ ದಾರಿ ಎಂದರೆ ಸುಮ್ನೆ ಬಿಟ್ಟುಬಿಡುವುದು. ಸೋಮವಾರದಿಂದ ನಾದಿನಿ ಇಲ್ಲ, ಅಷ್ಟೇ. ಕಥೆಯೊಳಗಿನವರು ಯಾರೂ ಕೇಳುವುದಿಲ್ಲ. ನೋಡುವವರು ಮಾತ್ರ ಕೇಳುತ್ತಾರೆ, ವರ್ಷಗಟ್ಟಲೆ ಕೇಳುತ್ತಾರೆ.

ಎಷ್ಟು ವರ್ಷ ಅಂತೀರಾ? ಅಮೆರಿಕದಲ್ಲಿ 1974ರಲ್ಲಿ ‘ಹ್ಯಾಪಿ ಡೇಸ್’ ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. ಮಿಲ್ವಾಕಿಯ ಕನ್ನಿಂಗ್‌ಹ್ಯಾಮ್ ಮನೆಯಲ್ಲಿ ಮೂವರು ಮಕ್ಕಳು. ದೊಡ್ಡವನು ಚಕ್, ಕಾಲೇಜು ಹುಡುಗ, ಕೈಯಲ್ಲಿ ಬಾಸ್ಕೆಟ್‌ಬಾಲ್ ಹಿಡಿದು ಒಳಗೆ ಹೊರಗೆ ಓಡಾಡುವುದೇ ಅವನ ಕೆಲಸ. ಎರಡನೇ ಸೀಸನ್ ಹೊತ್ತಿಗೆ ಆ ಪಾತ್ರದಲ್ಲಿ ಬೇರೆ ನಟ ಬಂದಿದ್ದ, ಆಮೇಲೆ ಪಾತ್ರವೇ ಇಲ್ಲ. ಅಪ್ಪ ಅಮ್ಮ ಒಮ್ಮೆಯಾದರೂ ‘ಚಕ್ ಎಲ್ಲಿ’ ಎನ್ನಲಿಲ್ಲ. 1984ರ ಕೊನೆಯ ಎಪಿಸೋಡಿನಲ್ಲಿ ಮಗಳು ಜೋನಿಯ ಮದುವೆ. ಅಪ್ಪ ಗ್ಲಾಸ್ ಎತ್ತಿ ಮಾತಾಡುತ್ತಾ ನಮ್ಮ ಇಬ್ಬರು ಮಕ್ಕಳಿಗೂ ಮದುವೆ ಆಯ್ತು ಅನ್ನುತ್ತಾನೆ. ಇಬ್ಬರು! ಹೀಗೆ ಪಾತ್ರ ಮಾಯವಾಗುವುದಕ್ಕೆ ಅಲ್ಲಿನ ವೀಕ್ಷಕರು ‘ಚಕ್ ಕನ್ನಿಂಗ್‌ಹ್ಯಾಮ್ ಸಿಂಡ್ರೋಮ್’ ಎಂದೇ ಹೆಸರಿಟ್ಟಿದ್ದಾರೆ.

ನಿಮ್ಮ ನಾದಿನಿಗೆ ಆ ಗತಿ ಬರಬಾರದು ಅಂದರೆ ಮೊದಲು ಒಂದು ಪಟ್ಟಿ ಮಾಡಿ. ಅವಳ ಹತ್ತಿರ ಏನೇನಿದೆ? ಮನೆಯಲ್ಲಿ ಒಂದು ರೂಮು, ಯಾರದೋ ಗುಟ್ಟು, ಯಾರಿಗೋ ಕೊಟ್ಟ ಸಾಲ, ಬೀರುವಿನ ಬೀಗದ ಕೈ, ಅರ್ಧಕ್ಕೆ ನಿಂತ ಪ್ರೇಮ, ಅತ್ತೆ ಜೊತೆ ಆಡದ ಮಾತು. ಒಂದೊಂದನ್ನೂ ಬೇರೆ ಯಾರಿಗಾದರೂ ದಾಟಿಸಿ, ಇಲ್ಲವೇ ಅವಳಿರುವಾಗಲೇ ಮುಗಿಸಿ. ಜನ ಜಾಸ್ತಿ ಹಿಡಿದುಕೊಳ್ಳುವುದು ಗುಟ್ಟನ್ನೇ. ಆಸ್ತಿ ಪತ್ರ ಎಲ್ಲಿದೆ ಅಂತ ಗೊತ್ತಿರುವವಳು ಮಾಯವಾದರೆ, ಆ ಪತ್ರ ಮತ್ತೆ ಕಾಣಿಸಿಕೊಂಡ ದಿನ ನಿಮ್ಮ ಕಥೆಗೆ ಸರಿಯಾಗಿ ಮಂಗಳಾರತಿ ಆಗುತ್ತದೆ.

ಹಾಗೇ ಅವಳ ಜಾಗಕ್ಕೆ ಯಾರು ಬಂದರು ಎಂದೂ ನೋಡಿ. ಪಾತ್ರ ಸುಮ್ನೆ ಸವೆಯುವುದು ಕಡಿಮೆ, ಸಾಮಾನ್ಯವಾಗಿ ಅದರ ಕೆಲಸವನ್ನು ಇನ್ನೊಂದು ಪಾತ್ರ ಕಿತ್ತುಕೊಂಡಿರುತ್ತದೆ. ಚಕ್ ವಿಷಯದಲ್ಲಿ ಆಗಿದ್ದೂ ಅದೇ. ಫಾನ್ಜಿ ಎಂಬ ಸೈಡ್ ಪಾತ್ರವನ್ನು ಜನ ತಲೆ ಮೇಲೆ ಹೊತ್ತುಕೊಂಡರು, ಮೂರನೇ ಸೀಸನ್‌ನಲ್ಲಿ ಅವನು ಅದೇ ಮನೆಯ ಗ್ಯಾರೇಜಿನ ಮೇಲಿನ ರೂಮಿಗೆ ಬಾಡಿಗೆಗೆ ಬಂದ, ಅಲ್ಲಿಂದ ಅಣ್ಣನ ಕೆಲಸವೆಲ್ಲ ಅವನದೇ. ‘ಫ್ಯಾಮಿಲಿ ಮ್ಯಾಟರ್ಸ್’ ಎಂಬ ಇನ್ನೊಂದು ಅಮೆರಿಕನ್ ಧಾರಾವಾಹಿಯಲ್ಲೂ ಪಕ್ಕದ ಮನೆಯ ಅರ್ಕಲ್ ಒಂದು ಎಪಿಸೋಡಿಗೆ ಅಂತ ಬಂದು ಇಡೀ ಧಾರಾವಾಹಿಯನ್ನೇ ತನ್ನದಾಗಿಸಿಕೊಂಡ. ನಾಲ್ಕನೇ ಸೀಸನ್ ಆದಮೇಲೆ ಆ ಮನೆಯ ಚಿಕ್ಕ ಮಗಳು ಜೂಡಿ ಕಾಣಲೇ ಇಲ್ಲ, ಹೆತ್ತವರೂ ಅವಳ ಸುದ್ದಿ ಎತ್ತಲಿಲ್ಲ.

ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ, ಯಾಕೆಂದರೆ ಹೋದವರ ಮಾತನ್ನು ಬಂದವರ ಮುಂದೆಯೇ ಆಡಿಸಬಹುದು. ‘ಚಕ್ ಹಾಸ್ಟೆಲ್‌ಗೆ ಹೋದಮೇಲೆ ಮೇಜಿನಲ್ಲಿ ಒಂದು ಜಾಗ ಖಾಲಿ, ಬಾ ಊಟಕ್ಕೆ’ ಅಂತ ಆ ತಾಯಿ ಫಾನ್ಜಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆ ಒಂದು ಮಾತನ್ನು ಬರೆಯುವುದರಲ್ಲೇ ಎಲ್ಲ ಇರುವುದು. ನಮ್ಮ ಕಡೆ ಸಾಮಾನ್ಯವಾಗಿ ಬರೆಯುವುದು ಹೀಗೆ: ‘ನಿಮಗೆ ಗೊತ್ತಲ್ಲ ಅತ್ತೆ, ನಮ್ಮ ಸುಮಾ ಗಂಡನ ಜೊತೆ ಅಮೆರಿಕಾಗೆ ಹೋಗಿದ್ದಾಳೆ, ಇನ್ನು ಮೂರು ವರ್ಷ ಬರೋದಿಲ್ಲ.’ ಗೊತ್ತಿರುವ ಅತ್ತೆಗೆ ಯಾಕಮ್ಮ ಹೇಳ್ತೀಯಾ? ಅದೇ ಅತ್ತೆ ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ, ‘ರಾತ್ರಿ ಸುಮಾ ಫೋನ್ ಮಾಡಿದ್ಲು ಕಣೇ, ಅಲ್ಲಿ ಅವರೆಕಾಯಿನೇ ಸಿಗಲ್ವಂತೆ’ ಅನ್ನಲಿ. ಸೊಸೆ ಹೂಂ ಅನ್ನಲಿ. ಸುಮಾ ದೂರ ಇದ್ದಾಳೆ, ಚೆನ್ನಾಗಿದ್ದಾಳೆ, ಮನೆಯವರಿಗೆ ನೆನಪಿದ್ದಾಳೆ, ಮೂರೂ ತಿಳಿಯಿತು. ಹಿನ್ನೆಲೆಯಲ್ಲಿ ಪಿಟೀಲು ಬೇಡ. ಕೆಲವು ವಾರ ಬಿಟ್ಟು ಮತ್ತೆ ಒಮ್ಮೆ ಅವಳ ಹೆಸರು ಬರಲಿ, ಆಮೇಲೆ ಜನರೇ ಕೇಳುವುದು ಬಿಡುತ್ತಾರೆ. ನೋಡುವವರಿಗೆ ಬೇಕಿರುವುದು ಅವಳು ಹೋದ ಕಾರಣಕ್ಕಿಂತ, ಆ ಮನೆಯಲ್ಲಿ ಯಾರಿಗಾದರೂ ಅವಳ ನೆನಪಾಗುತ್ತದೆ ಎಂಬ ಸಮಾಧಾನ ಅನ್ನುವುದು ನನ್ನ ಲೆಕ್ಕ.

ಇದು ಹೊಸ ಉಪಾಯವೇನೂ ಅಲ್ಲ. ಷರ್ಲಾಕ್ ಹೋಮ್ಸ್ ಕಥೆಗಳಲ್ಲಿ ಕಥೆ ಹೇಳುವ ಗೆಳೆಯ ವಾಟ್ಸನ್ ಮದುವೆಯಾಗಿದ್ದ. 1903ರಲ್ಲಿ ಹೋಮ್ಸ್ ವಾಪಸ್ ಬರುವ ಕಥೆಯಲ್ಲಿ, ತನ್ನವರನ್ನು ಕಳೆದುಕೊಂಡ ತನ್ನ ದುಃಖ ಹೋಮ್ಸ್‌ಗೆ ಹೇಗೋ ತಿಳಿದಿತ್ತು ಎಂದು ವಾಟ್ಸನ್ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಹೆಂಡತಿಯ ಹೆಸರಿಲ್ಲ, ಕಾಯಿಲೆಯ ಮಾತಿಲ್ಲ. ಓದುವವರು ಒಪ್ಪಿಕೊಂಡರು. ಆದರೆ ಅದೇ ವಾಟ್ಸನ್ 1887ರ ಮೊದಲ ಕಾದಂಬರಿಯಲ್ಲಿ ತಾನೊಂದು ಬುಲ್‌ಡಾಗ್ ಮರಿ ಸಾಕಿದ್ದೇನೆ ಅನ್ನುತ್ತಾನೆ, ಆಮೇಲೆ ಆ ನಾಯಿಯ ಸುದ್ದಿಯೇ ಇಲ್ಲ, ಹೋಮ್ಸ್ ಅಭಿಮಾನಿಗಳು ಇವತ್ತಿಗೂ ಅದರ ಬಗ್ಗೆ ವಾದ ಮಾಡುತ್ತಾರೆ. ಹೆಂಡತಿಗೆ ಒಂದು ಸಾಲು ಸಿಕ್ಕಿತು, ನಾಯಿಗೆ ಸಿಗಲಿಲ್ಲ. ನಿಮ್ಮ ಕಥೆಯಲ್ಲಿ ದನ, ಬೆಕ್ಕು, ಅಡುಗೆಯವರು ಇದ್ದರೆ ಅವರನ್ನೂ ಪಟ್ಟಿಗೆ ಸೇರಿಸಿ.

ಎಲ್ಲಿಗೆ ಕಳಿಸುವುದು? ತೀರ್ಥಯಾತ್ರೆ ಅಜ್ಜಿಯರಿಗೆ ಮಾತ್ರ, ಅದೂ ತಿಂಗಳೊಳಗೆ ಮುಗಿಯಬೇಕು. ಬಾಣಂತನಕ್ಕೆ ತವರಿಗೆ ಕಳಿಸಿದರೆ ಐದು ತಿಂಗಳಿಗೆ ಜನ ಮಗು ತೋರಿಸಿ ಅಂತಾರೆ. ಕಥೆ ಬೆಂಗಳೂರಿನದಾದರೆ ಮೈಸೂರಿಗೆ ಕಳಿಸಲೇಬೇಡಿ. ಮೂರು ಗಂಟೆ ದಾರಿ, ಗೌರಿ ಹಬ್ಬಕ್ಕೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಹಬ್ಬ ನಮ್ಮ ಧಾರಾವಾಹಿಗಳಿಗೆ ದೊಡ್ಡ ಪರೀಕ್ಷೆ. ಗೌರಿಗೆ ತವರಿನಿಂದ ಅವಳಿಗೆ ಬಾಗಿನ ಹೋಯಿತಾ? ದೀಪಾವಳಿಗೆ ಅಳಿಯ ಬಂದನಾ? ಮದುವೆ ಟ್ರ್ಯಾಕ್ ಇದ್ದರೆ ಆರ್ಟ್ ಡಿಪಾರ್ಟ್‌ಮೆಂಟಿನವರು ಅಚ್ಚು ಹಾಕಿಸುವ ಲಗ್ನಪತ್ರಿಕೆಯಲ್ಲಿ ಅವಳ ಹೆಸರು ಇದೆಯಾ ಅಂತ ನೀವೇ ನೋಡಿ. ಕ್ಲೋಸಪ್‌ನಲ್ಲಿ ಅದನ್ನು ನಿಲ್ಲಿಸಿ ಓದುವವರು ಇರುತ್ತಾರೆ, ನಂಬಿ.

ಸಾಯಿಸಲು ಮಾತ್ರ ಅವಸರ ಬೇಡ. ಸಾವು ಬಂದರೆ ಇಡೀ ಮನೆ ಅಳಬೇಕು, ತಿಥಿ ಆಗಬೇಕು, ನಡೆಯುತ್ತಿದ್ದ ಕಾಮಿಡಿ ಟ್ರ್ಯಾಕ್ ನಿಲ್ಲಬೇಕು, ಗಂಧದ ಹಾರ ಹಾಕಿದ ಫೋಟೋ ಧಾರಾವಾಹಿ ಮುಗಿಯುವ ತನಕ ಗೋಡೆಯಲ್ಲಿರಬೇಕು. ಮೇಲಾಗಿ ಜನ ಒಪ್ಪದಿದ್ದರೆ? ‘ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ’ ಎಂಬ ಹಿಂದಿ ಧಾರಾವಾಹಿಯಲ್ಲಿ ನಾಯಕ ಮಿಹಿರ್‌ನನ್ನು ಸಾಯಿಸಿದಾಗ ದೇಶವೇ ಗಲಾಟೆ ಎಬ್ಬಿಸಿ, ಕೊನೆಗೆ ಅವನನ್ನು ಬದುಕಿಸಿ ತರಬೇಕಾಯಿತು.

ನಟ ಇನ್ನೂ ಸೆಟ್ಟಿನಲ್ಲಿರುವಾಗಲೇ ಒಂದೆರಡು ಶಾಟ್ ಜಾಸ್ತಿ ತೆಗೆದಿಟ್ಟುಕೊಳ್ಳಿ: ಬ್ಯಾಗ್ ಹಿಡಿದು ಬಾಗಿಲು ದಾಟುವುದು, ಫೋನಿನಲ್ಲಿ ನಗುವುದು. ಬ್ಯಾಂಕಿಂಗ್ ಎಪಿಸೋಡ್, ಅಂದರೆ ಮುಂಚೆಯೇ ತೆಗೆದಿಟ್ಟ ಎಪಿಸೋಡ್, ಖಾಲಿಯಾದ ದಿನ ಅದರ ಬೆಲೆ ಗೊತ್ತಾಗುತ್ತದೆ. ಆ್ಯಪ್‌ನಲ್ಲಿ ಬರೆಯುವವರಿಗೆ ಈ ಕಷ್ಟವಿಲ್ಲ, ಪುಣ್ಯವಂತರು.

ಇನ್ನು, ಪಾತ್ರ ಆಗಲೇ ಮಾಯವಾಗಿ ವರ್ಷ ಕಳೆದಿದ್ದರೆ? ಕಥೆ ಹಗುರವಾಗಿದ್ದರೆ ತಮಾಷೆ ಮಾಡಿ ದಾಟಿಬಿಡಿ. ‘ಬಾಯ್ ಮೀಟ್ಸ್ ವರ್ಲ್ಡ್’ ಎಂಬ ಅಮೆರಿಕನ್ ಹಾಸ್ಯ ಧಾರಾವಾಹಿಯಲ್ಲಿ ನಾಯಕನ ತಂಗಿ ಮಾರ್ಗನ್ ಕೆಲವು ಕಾಲ ಕಾಣಿಸಲಿಲ್ಲ. ಮೂರನೇ ಸೀಸನ್‌ನಲ್ಲಿ ಬೇರೆ ಹುಡುಗಿ ಆ ಪಾತ್ರವಾಗಿ ಮೆಟ್ಟಿಲಿಳಿದು ಬಂದು, ರೂಮಿನಲ್ಲಿ ಕೂರಿಸಿದ ಶಿಕ್ಷೆ ಇಷ್ಟು ದೊಡ್ಡದು ಯಾವತ್ತೂ ಆಗಿರಲಿಲ್ಲ ಅಂದಳು. ಅದೇ ಧಾರಾವಾಹಿಯಲ್ಲಿ ಮೊದಲ ಸೀಸನ್ ಆದಮೇಲೆ ಕಾಣದಾಗಿದ್ದ ಮಿಂಕಸ್ ಎಂಬ ಸಹಪಾಠಿ, ಐದನೇ ಸೀಸನ್‌ನ ಪದವಿ ಪ್ರದಾನದ ದಿನ ದಿಢೀರನೆ ಪ್ರತ್ಯಕ್ಷ. ಎಲ್ಲಿದ್ದೆ ಇಷ್ಟು ದಿನ ಅಂತ ಗೆಳೆಯರು ಕೇಳಿದರೆ, ಶಾಲೆಯ ಇನ್ನೊಂದು ಭಾಗದಲ್ಲಿ ಅಂತ ಕ್ಯಾಮೆರಾ ಯಾವತ್ತೂ ಹೋಗದ ಕಡೆ ಕೈ ತೋರಿಸುತ್ತಾನೆ. ಆಮೇಲೆ, ಹಾಗೇ ಕಣ್ಮರೆಯಾಗಿದ್ದ ಟರ್ನರ್ ಮೇಷ್ಟ್ರ ಹೆಸರು ಕೂಗುತ್ತಾ ಅದೇ ಕಡೆಗೆ ಓಡುತ್ತಾನೆ. ಕಣ್ಣೀರಿನ ಸೀರಿಯಲ್‌ಗೆ ಇದು ಹೊಂದುವುದಿಲ್ಲ. ಅಲ್ಲಿ ಹಳೇ ಬೀರು ತೆಗೆದಾಗ ಸಿಗುವ ಒಂದು ಸೀರೆ, ‘ಇದು ಸುಮಾದಲ್ವಾ, ಕೊರಿಯರ್ ಮಾಡ್ಬೇಕು’ ಎಂಬ ಒಂದು ಮಾತು ಸಾಕು. ಮಾತಾಡುವಾಗ ಅವಳ ಹೆಸರು ಸರಿಯಾಗಿದೆಯಾ ಅಂತ ಹಳೇ ಎಪಿಸೋಡ್ ತೆಗೆದು ಒಮ್ಮೆ ನೋಡಿಕೊಳ್ಳಿ.