ಗಿರಾಕಿಗೊಂದು ಇನ್‌ಸ್ಟನ್ಸ್: ಡೇಟಾ ಬೇರೆ, ಸ್ಕ್ರಿಪ್ಟ್ ಒಂದೇ

ಮಂಡ್ಯದ ಹಾಲಿನ ಸೊಸೈಟಿ, ಮದ್ದೂರಿನ ಅಕ್ಕಿ ಗಿರಣಿ, ನಂಜನಗೂಡಿನ ಪತ್ತಿನ ಸಹಕಾರ ಸಂಘ. ಇಂಥವರಿಗೆ ಮೈಸೂರಿನಲ್ಲಿ ಕೂತು ಕ್ಲೌಡ್ ಮೇಲೆ ಲೆಕ್ಕಪತ್ರದ ಸಾಫ್ಟ್‌ವೇರ್ ಕೊಡುವವರು ಮೊದಲೇ ತೀರ್ಮಾನಿಸಬೇಕಾದ್ದು ಒಂದಿದೆ: ಎಲ್ಲರನ್ನೂ ಒಂದೇ ಡೇಟಾಬೇಸಿನಲ್ಲಿ ಕೂರಿಸುವುದೋ, ಒಬ್ಬೊಬ್ಬರಿಗೆ ಒಂದೊಂದು ಇನ್‌ಸ್ಟನ್ಸ್ (ಪ್ರತ್ಯೇಕವಾಗಿ ಓಡುವ ಸಾಫ್ಟ್‌ವೇರಿನ ಪ್ರತಿ) ಕೊಡುವುದೋ? ಗಿರಾಕಿಗಳು ಐವತ್ತು ಅರವತ್ತರೊಳಗಿದ್ದರೆ ಎರಡನೆಯದೇ ಸರಿ. ಕ್ವೆರಿಯಲ್ಲಿ ಒಂದು ಫಿಲ್ಟರ್ ಬಿಟ್ಟುಹೋದರೂ ಒಂದು ಸಂಘದ ಸಾಲದ ಬಾಕಿ ಇನ್ನೊಂದು ಸಂಘದ ಕಾರ್ಯದರ್ಶಿಗೆ ಕಾಣುವುದಿಲ್ಲ. ಆದರೆ ಬೇರೆ ಇರಬೇಕಾದ್ದು ಡೇಟಾ, ಪಾಸ್‌ವರ್ಡ್, ಬ್ಯಾಕಪ್ ಇಷ್ಟೇ. ಕೋಡು, ಇನ್‌ಸ್ಟನ್ಸ್ ಎಬ್ಬಿಸುವ ಸ್ಕ್ರಿಪ್ಟು ಎಲ್ಲರಿಗೂ ಒಂದೇ. ಒಬ್ಬ ಗಿರಾಕಿಗಾಗಿ ಸರ್ವರ್‌ನಲ್ಲಿ ಕೈಯಾರೆ ಒಂದು ಸಾಲು ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಮೊದಲು ಕೆಡುವುದು ಅವರದೇ.

ಶುರು ಮಾಡುವುದು ಒಂದು ವೈಎಎಂಎಲ್ (ಸೆಟ್ಟಿಂಗ್ ಬರೆದಿಡುವ ಸರಳ ಪಠ್ಯದ) ಫೈಲಿನಿಂದ. ಪ್ರತಿ ಗಿರಾಕಿಯ ಕಿರುಹೆಸರು, ವರ್ಷನ್, ಮೆಮೊರಿ ಮಿತಿ, ಬ್ಯಾಕಪ್ ವೇಳೆ ಅದರಲ್ಲಿರಲಿ, ಫೈಲು ಬದಲಾವಣೆಗಳ ಇತಿಹಾಸ ಕಾಯುವ ಗಿಟ್‌ನಲ್ಲಿರಲಿ. ಇದೇ ಕಿರುಹೆಸರು ಸಬ್‌ಡೊಮೇನೂ ಡೇಟಾಬೇಸಿನ ಹೆಸರೂ ಆಗುವುದರಿಂದ ಸಣ್ಣ ಇಂಗ್ಲಿಷ್ ಅಕ್ಷರ, ಅಂಕೆ ಬಿಟ್ಟು ಬೇರೇನೂ ಬೇಡ. ಹೊಸಹಳ್ಳಿ ಎನ್ನುವ ಊರು ಒಂದೆರಡಲ್ಲ. ತಾಲ್ಲೂಕಿನ ಕೋಡ್ ಮೊದಲ ದಿನವೇ ಸೇರಿಸಿಬಿಡಿ.

ಡೇಟಾಬೇಸ್ ನಡೆಸುವ ಪೋಸ್ಟ್‌ಗ್ರೆಸ್ ಸರ್ವರ್ ಒಂದೇ ಸಾಕು, ಗಿರಾಕಿಗೊಂದು ಡೇಟಾಬೇಸ್, ಗಿರಾಕಿಗೊಂದು ರೋಲ್ (ಡೇಟಾಬೇಸಿನ ಬಳಕೆದಾರ ಖಾತೆ). ಇಲ್ಲಿ ಬಹಳ ಮಂದಿ ಎಡವುತ್ತಾರೆ: ಹೊಸ ಡೇಟಾಬೇಸಿಗೆ ಕನೆಕ್ಟ್ ಆಗುವ ಹಕ್ಕನ್ನು ಪೋಸ್ಟ್‌ಗ್ರೆಸ್ ಎಲ್ಲ ರೋಲ್‌ಗಳಿಗೂ ತಾನಾಗಿಯೇ ಕೊಟ್ಟಿರುತ್ತದೆ. ಡೇಟಾಬೇಸ್ ಮಾಡಿದ ಕೂಡಲೇ ಪಬ್ಲಿಕ್‌ನಿಂದ, ಅಂದರೆ ಎಲ್ಲ ರೋಲ್‌ಗಳಿಂದ, ಕನೆಕ್ಟ್ ಹಕ್ಕನ್ನು ರಿವೋಕ್ ಮಾಡಿ, ಆ ಗಿರಾಕಿಯ ರೋಲ್‌ಗಷ್ಟೇ ಗ್ರ್ಯಾಂಟ್ ಮಾಡುವ ಎರಡು ಸಾಲು ಸ್ಕ್ರಿಪ್ಟಿನಲ್ಲೇ ಇರಲಿ. ಎರಡನೆಯದು ಕನೆಕ್ಷನ್ ಲೆಕ್ಕ. ಡಿಫಾಲ್ಟ್ ಮಿತಿ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಪ್ರತಿ ಇನ್‌ಸ್ಟನ್ಸಿನ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) 10 ಇದ್ದರೆ ಹತ್ತನೆಯ ಗಿರಾಕಿಗೇ ಬಾಗಿಲು ಮುಚ್ಚುತ್ತದೆ. ನಡುವೆ ಕನೆಕ್ಷನ್ ಹಂಚಿಕೊಡುವ ಪಿಜಿಬೌನ್ಸರ್ ಹಾಕಿ, ಆದರೆ ಅದರ ಪೂಲ್ ಪ್ರತಿ ರೋಲ್ ಮತ್ತು ಡೇಟಾಬೇಸ್ ಜೋಡಿಗೆ ಪ್ರತ್ಯೇಕ, ಡಿಫಾಲ್ಟ್ 20. ಗಿರಾಕಿಗಳ ಸಂಖ್ಯೆಗೆ ತಕ್ಕಂತೆ ಅದನ್ನು 3ಕ್ಕೋ ಇನ್ನೂ ಕಡಿಮೆಗೋ ಇಳಿಸದಿದ್ದರೆ ಹಾಕಿಯೂ ಪ್ರಯೋಜನವಿಲ್ಲ.

ಪ್ರತಿ ಇನ್‌ಸ್ಟನ್ಸನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನದು ಬೇರೆಯೇ ತಕರಾರು. ಅದರ ಕಂಪೋಸ್ ಸಾಧನ ಪ್ರತಿ ಪ್ರಾಜೆಕ್ಟಿಗೂ, ಅಂದರೆ ಇಲ್ಲಿ ಪ್ರತಿ ಗಿರಾಕಿಗೂ, ಒಂದು ನೆಟ್‌ವರ್ಕ್ ಮಾಡುತ್ತದೆ. ಡಿಫಾಲ್ಟ್ ವಿಳಾಸಗಳು ಸುಮಾರು ಮೂವತ್ತು ನೆಟ್‌ವರ್ಕಿಗೆ ಮುಗಿದುಹೋಗುತ್ತವೆ. ಆಮೇಲಿನ ಗಿರಾಕಿಯ ಇನ್‌ಸ್ಟನ್ಸ್ ಏಳುವುದೇ ಇಲ್ಲ. ಡಾಕರ್ ಡೀಮನ್‌ನ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮಿನ) ಕಾನ್ಫಿಗ್ ಫೈಲಿನಲ್ಲಿ 10.200.0.0/16 ಕೊಟ್ಟು, ಗಾತ್ರ 24 ಎಂದು ಬರೆದರೆ 256 ನೆಟ್‌ವರ್ಕ್ ಸಿಗುತ್ತವೆ. ಅದೇ ಫೈಲಿನಲ್ಲಿ ಲಾಗ್ ಮಿತಿಯನ್ನೂ ಹಾಕಿ, 10 ಎಂಬಿಯ ಮೂರು ಫೈಲು ಸಾಕು. ಪೋರ್ಟನ್ನು ಆ ಸರ್ವರ್‌ನ ಒಳಗಿನಿಂದಷ್ಟೇ ಸಿಗುವ 127.0.0.1ಕ್ಕೇ ಕಟ್ಟಬೇಕು, ಏಕೆಂದರೆ ಡಾಕರ್ ತೆರೆದ ಪೋರ್ಟನ್ನು ಯುಎಫ್‌ಡಬ್ಲ್ಯು ಫೈರ್‌ವಾಲ್ ತಡೆಯುವುದಿಲ್ಲ.

ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಒಂದು ವೈಲ್ಡ್‌ಕಾರ್ಡ್ ತೆಗೆದುಕೊಂಡರೆ ಎಲ್ಲ ಸಬ್‌ಡೊಮೇನಿಗೂ ಆಯಿತು. ಅದಕ್ಕೆ ಡಿಎನ್‌ಎಸ್ ಚಾಲೆಂಜೇ (ಡೊಮೇನ್ ನಮ್ಮದೆಂದು ಡಿಎನ್‌ಎಸ್ ದಾಖಲೆಯಿಂದ ತೋರಿಸುವುದು) ಬೇಕು. ಸೆಷನ್ ಕುಕಿಗೆ ಡೊಮೇನ್ ಹೆಸರು ಕೊಡಲೇಬೇಡಿ. ಕೊಟ್ಟರೆ ಒಬ್ಬ ಗಿರಾಕಿಯ ಕುಕಿ ಪಕ್ಕದ ಗಿರಾಕಿಯ ಇನ್‌ಸ್ಟನ್ಸಿಗೂ ಹೋಗುತ್ತದೆ, ಡೇಟಾ ಬೇರೆ ಮಾಡಿದ್ದೂ ಅರ್ಧ ವ್ಯರ್ಥ.

ನಮ್ಮ ಕಡೆ ಹೆಚ್ಚು ಕಾಡುವುದು ಫಾಂಟ್ ಮತ್ತು ಗಡಿಯಾರ. ಕಂಟೇನರ್ ಎಬ್ಬಿಸುವ ಸ್ಲಿಮ್ (ಕಿರಿದು ಮಾಡಿದ) ಇಮೇಜಿನಲ್ಲಿ ಕನ್ನಡದ ಫಾಂಟ್ ಇರುವುದಿಲ್ಲ, ರೈತರ ಚೀಟಿಯಲ್ಲಿ ಹೆಸರಿನ ಜಾಗಕ್ಕೆ ಚೌಕಗಳು ಬರುತ್ತವೆ. ಡೆಬಿಯನ್ ಆದರೆ ನೋಟೋ ಕೋರ್ ಫಾಂಟ್ ಪ್ಯಾಕೇಜ್ ಹಾಕಿ. ಫಾಂಟ್ ಇದ್ದರೂ ಪಿಡಿಎಫ್ ಮಾಡುವ ಲೈಬ್ರರಿಗೆ ಒತ್ತಕ್ಷರ ಜೋಡಿಸಲು ಬರಬೇಕು. ‘ಕೃಷ್ಣರಾಜಪೇಟೆ’ ಎಂದು ಅಚ್ಚು ಹಾಕಿ ನೋಡಿ: ಷ ಕೆಳಗೆ ಣ ಒತ್ತು ಕೂತಿದ್ದರೆ ಸರಿ, ಹಲಂತ ಬಿಡಿಯಾಗಿ ನಿಂತಿದ್ದರೆ ಲೈಬ್ರರಿ ಬದಲಿಸಿ. ಇನ್ನು ಕಂಟೇನರ್ ಓಡುವುದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿ. ಬೆಳಗಿನ 5:15ಕ್ಕೆ ಅಳೆದ ಹಾಲು ಅಲ್ಲಿ ಹಿಂದಿನ ದಿನದ 23:45; ಹಾಗೆಯೇ ತಾರೀಖು ಕತ್ತರಿಸಿದರೆ ಅದು ನಿನ್ನೆಯ ಲೆಕ್ಕಕ್ಕೆ ಸೇರಿ ಬಟವಾಡೆಯಲ್ಲಿ ಜಗಳವಾಗುತ್ತದೆ. ಕಾಲಮ್ಮು ಟೈಮ್‌ಝೋನ್ ಸಹಿತವಿರಲಿ, ಡೇಟಾಬೇಸಿಗೂ ಆ್ಯಪ್‌ಗೂ ಏಷ್ಯಾ/ಕೋಲ್ಕತಾ ಎಂದೇ ಹೇಳಿ.

ಅಪ್‌ಡೇಟಿಗೆ ‘ಲೇಟೆಸ್ಟ್’ ಟ್ಯಾಗ್ ಬೇಡ, ವರ್ಷನ್ ನಂಬರ್ ಬರೆಯಿರಿ. ಮೊದಲು ಟೆಸ್ಟ್ ಇನ್‌ಸ್ಟನ್ಸ್, ಮರುದಿನ ಒಬ್ಬ ಸಣ್ಣ ಗಿರಾಕಿ, ಆಮೇಲೆ ಐದೈದರಂತೆ. ಮೈಗ್ರೇಷನ್‌ಗೆ (ಡೇಟಾಬೇಸಿನ ರಚನೆ ಬದಲಿಸುವ ಕೆಲಸಕ್ಕೆ) 5 ಸೆಕೆಂಡಿನ ಲಾಕ್ ಟೈಮ್‌ಔಟ್ ಇಟ್ಟರೆ, ಲಾಕ್ ಸಿಗದಾಗ ಅದು ತಾನೇ ಸೋಲುತ್ತದೆ, ಹಾಲು ಹಾಕುವವರ ಸಾಲು ನಿಲ್ಲುವುದಿಲ್ಲ. ಮಾರ್ಚ್ ಕೊನೆಯ ವಾರ ಸಹಕಾರ ಸಂಘಗಳ ಇನ್‌ಸ್ಟನ್ಸ್ ಮುಟ್ಟಬೇಡಿ.

ಬ್ಯಾಕಪ್ ಎಲ್ಲರದ್ದೂ ರಾತ್ರಿ ಹನ್ನೆರಡಕ್ಕೇ ಬೇಡ, ಡಿಸ್ಕ್ ಉಸಿರುಗಟ್ಟುತ್ತದೆ. ಹತ್ತು ಹತ್ತು ನಿಮಿಷ ಬಿಟ್ಟು ಹಚ್ಚಿ. ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಸಾಧನ ಪಿಜಿ ಡಂಪ್ ರೋಲ್‌ಗಳನ್ನು ತೆಗೆದುಕೊಳ್ಳುವುದಿಲ್ಲ, ಗ್ಲೋಬಲ್ಸ್ (ರೋಲ್‌ನಂಥ ಇಡೀ ಸರ್ವರ್‌ಗೆ ಸೇರಿದ ಮಾಹಿತಿ) ಪ್ರತ್ಯೇಕವಾಗಿ ತೆಗೆಯಬೇಕು. ಅಮೆಜಾನ್ ಕ್ಲೌಡ್ ಎಡಬ್ಲ್ಯುಎಸ್‌ನ ಮುಂಬೈನಲ್ಲಿ ಸರ್ವರ್ ಇದ್ದರೆ ಪ್ರತಿಯನ್ನು ಹೈದರಾಬಾದ್ ರೀಜನ್ನಿಗೆ ಕಳಿಸಿ. ವಾರಕ್ಕೊಬ್ಬ ಗಿರಾಕಿಯದ್ದನ್ನು ಖಾಲಿ ಡೇಟಾಬೇಸಿಗೆ ರಿಸ್ಟೋರ್ ಮಾಡಿ ಹಿಂದಿನ ದಿನದ ಮೊತ್ತಕ್ಕೆ ತಾಳೆ ನೋಡಿ. ಪ್ರತಿ ಗಿರಾಕಿಯ ಬ್ಯಾಕಪ್‌ಗೂ ಬೇರೆ ಎನ್‌ಕ್ರಿಪ್ಷನ್ ಕೀ ಇರಲಿ. ಯಾರಾದರೂ ಬಿಟ್ಟು ಹೋದಾಗ ಕೊನೆಯ ಡಂಪನ್ನು ಅವರ ಕೈಗೆ ಕೊಟ್ಟು, ಅವರು ತೆರೆದು ನೋಡಿದ ಮೇಲೆ ಡೇಟಾಬೇಸ್, ರೋಲ್ ಎರಡನ್ನೂ ಡ್ರಾಪ್ ಮಾಡಿ, ಕೀ ಅಳಿಸಿ. ಹಳೆಯ ಬ್ಯಾಕಪ್ ಎಲ್ಲಿ ಉಳಿದಿದ್ದರೂ ಯಾರೂ ಓದಲಾರರು.